ಕೋವಿಯ ಕೈ, ಪಿಸ್ತೂಲಿನ ಕೈ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಘಟ್ಟದಡಿಯ ಊರುಗಳಿಗೆ ಕೋವಿ ಹೊಸತಲ್ಲ. ಬೆಳೆ ಕಾಯುವವರಿಗೆ ಕೋವಿಯ ಪರವಾನಗಿ ಕೊಡಲು 1959ರ ಆಯುಧ ಕಾಯಿದೆಯಲ್ಲಿಯೇ ಅವಕಾಶವಿದೆ. ಕೋವಿ ಹಿಡಿದವನ ಒಂದು ಕೈ ಹಿಂದೆ, ಇನ್ನೊಂದು ಮುಂದೆ ನಳಿಗೆಯ ಕೆಳಗೆ.

ಈ ರೂಢಿಯನ್ನು ಪಿಸ್ತೂಲಿಗೆ ತಂದರೆ ಅಪಾಯ. ನಮ್ಮ ಪೊಲೀಸರು ಬಹುಕಾಲ ಬಳಸಿದ, ಪಶ್ಚಿಮ ಬಂಗಾಳದ ಇಶಾಪುರದಲ್ಲಿ ತಯಾರಾದ 9 ಮಿಲಿಮೀಟರ್ ಪಿಸ್ತೂಲನ್ನೇ ನೋಡಿ. ಅದರ ಮ್ಯಾಗಜೀನಿನಲ್ಲಿ 13 ಗುಂಡು. ಪ್ರತಿ ಈಡಿಗೂ ಮೇಲಿನ ಉಕ್ಕಿನ ಸ್ಲೈಡ್ ರಭಸದಿಂದ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ಹೊಸ ಗುಂಡನ್ನು ತುಂಬಿಕೊಂಡು ಮುಂದೆ ಬರುತ್ತದೆ. ಅದರ ದಾರಿಯಲ್ಲಿ ಹೆಬ್ಬೆರಳಿದ್ದರೆ ಚರ್ಮ ಸೀಳುತ್ತದೆ. ನಳಿಗೆಯ ಬಾಯಿಯ ಮುಂದೆ ಬೆರಳಿದ್ದರೆ ಬೆರಳೇ ಉಳಿಯದು.

ಹಾಗಾದರೆ ಹಿಡಿಯುವುದು ಹೇಗೆ? ಬಲಗೈ ಹಿಡಿಯ ಮೇಲ್ತುದಿಗೆ ಒತ್ತಿರಲಿ, ಆದರೆ ಸ್ಲೈಡಿಗಿಂತ ಕೆಳಗಿರಲಿ. ಎಡಗೈ ಬಲಗೈಯ ಬೆರಳುಗಳನ್ನು ಸುತ್ತಿಕೊಳ್ಳಲಿ. ಎರಡು ಹೆಬ್ಬೆರಳೂ ಎಡಮಗ್ಗುಲಲ್ಲಿಯೇ ಇರಲಿ. ಸ್ಲೈಡಿನ ಹಿಂದೆ ಎಂದೂ ಹೋಗಬಾರದು. ಹಿಡಿತ ಸಡಿಲವಾದರೆ ಸ್ಲೈಡ್ ಪೂರ್ತಿ ಓಡದೆ ಸಿಕ್ಕಿಕೊಳ್ಳಬಹುದು. ಅದನ್ನು ಬಿಡಿಸುವ ಗಡಿಬಿಡಿಯಲ್ಲಿ ನಳಿಗೆ ಪಕ್ಕದವನತ್ತ ತಿರುಗೀತು. ಹಾರಿಸಲು ನಿಶ್ಚಯಿಸುವವರೆಗೆ ತೋರುಬೆರಳು ಟ್ರಿಗರಿನ ಹೊರಗೆ ನೆಟ್ಟಗಿರಲಿ.

ನಮ್ಮ ಕರಾವಳಿಯ ಸೆಕೆಯಲ್ಲಿ ಅಂಗೈ ಬೆವರುತ್ತದೆ, ಒರೆಸಿಕೊಂಡೇ ಹಿಡಿಯಬೇಕು. ಇನ್ನೊಂದು ಮಾತು: ಮ್ಯಾಗಜೀನು ತೆಗೆದ ಮೇಲೂ ನಳಿಗೆಯೊಳಗೆ ಒಂದು ಗುಂಡು ಉಳಿದಿರಬಹುದು. ಸ್ಲೈಡನ್ನು ಹಿಂದೆಳೆದು ಕಣ್ಣಾರೆ ನೋಡದೆ ಖಾಲಿಯೆಂದು ನಂಬಬೇಡಿ. ಕೇಳುಗರೇ, ಕೋವಿ ಬಲ್ಲವನೂ ಪಿಸ್ತೂಲಿನ ಮುಂದೆ ಹೊಸ ವಿದ್ಯಾರ್ಥಿಯೇ. ಬಲ್ಲವರ ಎದುರಿನಲ್ಲಿ ಕಲಿಯುವುದೇ ಲೇಸು.