ಬೀಸಣಿಗೆ ಹವಳದ ಪುಟ್ಟ ಕುದುರೆ



ಕಡಲು ಎಂದೊಡನೆ ನಮಗೆ ತಿಮಿಂಗಿಲ ನೆನಪಾಗುತ್ತದೆ, ಶಾರ್ಕ್ ನೆನಪಾಗುತ್ತದೆ. ಈ ಬೆಳಿಗ್ಗೆ ಉದ್ದ ಎರಡು ಸೆಂಟಿಮೀಟರ್ ಮುಟ್ಟುವುದೂ ಕಷ್ಟವಾದ ಒಂದು ಮೀನಿನ ವಿಚಾರ ಹೇಳಬೇಕೆನಿಸಿದೆ.

1969ರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂ ಎಂಬವರು ಅಲ್ಲಿನ ಮತ್ಸ್ಯಾಲಯಕ್ಕೆಂದು ಬೀಸಣಿಗೆಯಂತೆ ಹರಡಿಕೊಂಡ ಹವಳವೊಂದನ್ನು ಕಡಲಿಂದ ತಂದರು. ಮೇಜಿನ ಮೇಲಿಟ್ಟು ಪರೀಕ್ಷಿಸುವಾಗಲೇ ಗೊತ್ತಾದದ್ದು, ಅದರ ಕಡ್ಡಿಗಳಿಗೆ ಬಾಲ ಸುತ್ತಿಕೊಂಡು ಪುಟಾಣಿ ಕಡಲಕುದುರೆಗಳು ಕೂತಿವೆ ಎಂದು. ಮರುವರ್ಷ ಅವರ ಹೆಸರನ್ನೇ ಈ ಜಾತಿಗಿಟ್ಟರು: ಹಿಪ್ಪೊಕ್ಯಾಂಪಸ್ ಬಾರ್ಗಿಬಾಂಟಿ. ಅಲ್ಲಿಯವರೆಗೆ ಎಷ್ಟು ಜನ ಅದನ್ನು ನೋಡಿಯೂ ನೋಡದೆ ಹೋಗಿದ್ದರೋ!

ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದ ಚಿತ್ರ ನೋಡಿದರೆ ಕಾರಣ ತಿಳಿಯುತ್ತದೆ. ಮೈತುಂಬ ಗುಲಾಬಿ ಗಂಟುಗಳು. ಹವಳದ ಮುಚ್ಚಿದ ಮೊಗ್ಗುಗಳೂ ಅದೇ ಗಾತ್ರ, ಅದೇ ಬಣ್ಣ. ಮೂತಿ ಮೊಂಡು, ಹೊಟ್ಟೆ ಉಬ್ಬಿದ್ದರೆ ಅದು ಮರಿ ಹೊತ್ತ ಗಂಡು. ಕಡಲಕುದುರೆಗಳಲ್ಲಿ ಬಸಿರು ಹೊರುವವನು ಅಪ್ಪ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜೀವಶಾಸ್ತ್ರಜ್ಞರು ಕಿತ್ತಳೆ ಬಣ್ಣದ ತಂದೆತಾಯಿಯ ಮರಿಗಳನ್ನು ನೇರಳೆ ಹವಳದೊಂದಿಗೆ ಬೆಳೆಸಿದರು. ಮರಿಗಳು ನೇರಳೆಯಾದವು. ಹುಟ್ಟಿನ ಬಣ್ಣ ಬಿಟ್ಟು ನೆಲೆಯ ಬಣ್ಣ ಹಿಡಿದವು ಅವು.

ನೀರಿನಾಳದಲ್ಲಿ ಈ ಬಣ್ಣವೂ ಹಾಗೆಯೇ ಕಾಣುವುದಿಲ್ಲ. ನೀರು ಕೆಂಪು ಬೆಳಕನ್ನೇ ಮೊದಲು ಹೀರಿಬಿಡುವುದರಿಂದ ಇಪ್ಪತ್ತು ಮೀಟರ್ ಕೆಳಗೆ ಗುಲಾಬಿಯೂ ಬೂದಿ ಬೂದಿ. ಫ್ಲ್ಯಾಶ್ ಹೊತ್ತಿದ ಆ ಕ್ಷಣದಲ್ಲಿ ಮಾತ್ರ ನಿಜಬಣ್ಣ ಹೊರಬರುತ್ತದೆ. ಕಾಣದ್ದನ್ನು ಕಾಣಿಸುವ ಈ ಕಲೆ ಬರೀ ಶೋಕಿಯಲ್ಲ. 2003ರಲ್ಲಿ ಹೆಸರು ಪಡೆದ ಇನ್ನೊಂದು ಪುಟ್ಟ ಕುದುರೆಗೆ ನೀರೊಳಗಿನ ಛಾಯಾಗ್ರಾಹಕಿ ಡೆನೀಸ್ ಟ್ಯಾಕೆಟ್ ಅವರ ಹೆಸರಿದೆ. 2008ರಲ್ಲಿ ಬಂದ ಮತ್ತೊಂದಕ್ಕೆ ಡೈವಿಂಗ್ ಗೈಡ್ ಸತೋಮಿ ಒನಿಶಿ ಅವರದು. ತಾಳ್ಮೆಯಿಂದ ನೋಡಿದವರಿಗೆ ವಿಜ್ಞಾನ ಸಲ್ಲಿಸಿದ ಗೌರವವೆಂದೇ ನಾನು ಇದನ್ನು ತಿಳಿಯುತ್ತೇನೆ.

ಆದರೆ ಮನಸ್ಸಿಗೆ ನೋವಾಗುವ ಸಂಗತಿಯೂ ಉಂಟು. ಈ ಕುದುರೆ ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತದೆ. ಮುಖ ಬೇಕೆಂದು ಕೆಲವರು ಕಡ್ಡಿಯಿಂದ ಅದನ್ನು ತಿರುವುತ್ತಾರೆ, ಸೆಳವಿಗೆ ಸಿಕ್ಕಿ ಹವಳಕ್ಕೇ ಒರಗುತ್ತಾರೆ. ಹೀಗೆ ತಳದಲ್ಲಿ ಬದುಕುವ ಪುಟ್ಟ ಮೀನುಗಳಿಗೆ ಫ್ಲ್ಯಾಶ್ ಬೆಳಕಿಗಿಂತ ಮುಟ್ಟಿ ಕದಲಿಸುವುದೇ ಹೆಚ್ಚಿನ ಹಿಂಸೆ ಎಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿದೆ. ಆ ಒಂದು ಹವಳವೇ ಈ ಕುದುರೆಯ ಇಡೀ ಲೋಕ. ಬೆಳೆದ ಕುದುರೆ ಅದನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಚಿತ್ರ ಎಷ್ಟೇ ಚೆಂದ ಬರಲಿ, ಆ ಜೀವವನ್ನು ನೋಯಿಸಿ ತೆಗೆದದ್ದಾದರೆ ನನ್ನ ಮಟ್ಟಿಗೆ ಅದು ಒಳ್ಳೆಯ ಚಿತ್ರವಲ್ಲ.

ನಮ್ಮ ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಹವಳಗಳ ನಡುವೆ ಮುಳುಗಿ ಬರುವವರಿದ್ದಾರೆ. ಈಗ ಕೇಳುತ್ತಿರುವವರಲ್ಲೂ ಅಂಥವರಿರಬಹುದು. ಅವರಲ್ಲಿ ನನ್ನದೊಂದು ಬೇಡಿಕೆ. ಕ್ಯಾಮೆರಾ ಒಯ್ಯುವ ಮೊದಲು ನೀರಿನಲ್ಲಿ ಯಾವುದನ್ನೂ ಹಿಡಿಯದೆ ತೇಲಿ ನಿಲ್ಲುವುದನ್ನು ಚೆನ್ನಾಗಿ ಕಲಿಯಿರಿ. ಜೀವಿ ಬೆನ್ನು ತಿರುಗಿಸಿದರೆ ಬೆನ್ನಿನ ಚಿತ್ರವನ್ನೇ ತನ್ನಿ.