ರುಚಿ ಕಲಿಯುವ ವಯಸ್ಸು

ಬೆಳಗಿನ ಹೊತ್ತು ಎಷ್ಟೋ ಅಡುಗೆಮನೆಗಳಲ್ಲಿ ಮಕ್ಕಳ ಊಟದ ಡಬ್ಬಿ ತುಂಬುತ್ತಿರುತ್ತದೆ. ಹಾಕಿದ ಬೀನ್ಸ್ ಪಲ್ಯ ಸಂಜೆ ಹಾಗೇ ವಾಪಸ್ಸು ಬಂದೀತೆಂಬ ಅಳುಕೂ ಜೊತೆಗಿರುತ್ತದೆ. ಹುಳಿಯೊಳಗಿನ ಹೋಳುಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸುವ ಮಗು, ಉಪ್ಪಿಟ್ಟಿನಿಂದ ಕ್ಯಾರೆಟ್ ಹೆಕ್ಕಿ ತೆಗೆಯುವ ಮಗು ಇಲ್ಲದ ಮನೆ ಅಪರೂಪ. ನಾವದನ್ನು ಹಟ ಎಂದು ಕರೆದು ಗದರಿಸುತ್ತೇವೆ. ಆದರೆ ಬಹುಪಾಲು ಅದು ಹಟವಲ್ಲ.

ಸಿಹಿಗೆ ಒಲಿಯುವುದು, ಕಹಿಗೆ ಮುಖ ಕಿವುಚುವುದು ಹುಟ್ಟಿನಿಂದಲೇ ಬಂದ ಗುಣ. ತಾಯಿಯ ಹಾಲು ಸಿಹಿ. ವಿಷದ ಗಿಡಗಳಲ್ಲಿ ಅನೇಕವು ಕಹಿ. ನಡೆಯಲು ಕಲಿತ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳದಿರಲಿ ಎಂದು ಪ್ರಕೃತಿಯೇ ಕೊಟ್ಟ ಎಚ್ಚರ ಇದು. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರದ ಬಗೆಗಿನ ಅಂಜಿಕೆ ಎಲ್ಲಕ್ಕಿಂತ ಹೆಚ್ಚು.

ಹಾಗೆಂದು ಕೈಚೆಲ್ಲಬೇಕಿಲ್ಲ. ಮಗು ಮಾತನ್ನು ಕಲಿಯುವಂತೆಯೇ ರುಚಿಯನ್ನೂ ಕಲಿಯುತ್ತದೆ. ಈ ಕಲಿಕೆ ಗರ್ಭದಲ್ಲೇ ಶುರುವಾಗುತ್ತದೆ. ಅಮೆರಿಕದ ಸಂಶೋಧಕಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಸುರಿಯಾಗಿದ್ದಾಗಲೋ ಹಾಲೂಡಿಸುವಾಗಲೋ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ, ಅವಳ ಕೂಸು ಮುಂದೆ ಕ್ಯಾರೆಟ್ ಬೆರೆಸಿದ ಗಂಜಿ ತಿನ್ನುವಾಗ ಮುಖ ಸಿಂಡರಿಸಿದ್ದು ಕಡಿಮೆ. ತಾಯಿ ಉಂಡದ್ದರ ಪರಿಮಳ ಮಗುವಿಗೆ ಆಗಲೇ ಪರಿಚಯವಾಗಿತ್ತು.

ಬೆಳೆದ ಮಗುವಿಗೂ ಬೇಕಾದದ್ದು ಈ ಪರಿಚಯವೇ. ಒಂದು ಹೊಸ ತರಕಾರಿಯನ್ನು ಒಪ್ಪಿಕೊಳ್ಳಲು ಮಗು ಅದನ್ನು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ರುಚಿ ನೋಡಬೇಕಾದೀತು. ನಾವೋ ಮೂರನೆಯ ಸಲಕ್ಕೇ ಸೋತು, ನೆಂಟರೆದುರು "ಇವನಿಗೆ ಬದನೆಕಾಯಿ ಸೇರೋದೇ ಇಲ್ಲ" ಎಂದುಬಿಡುತ್ತೇವೆ. ಪಕ್ಕದಲ್ಲೇ ನಿಂತ ಮಗು ಅದನ್ನು ಕೇಳಿಸಿಕೊಂಡು, ತನಗೆ ಸೇರುವುದಿಲ್ಲವೆಂದೇ ನಂಬುತ್ತದೆ.

ಒತ್ತಾಯವೂ ಕೆಲಸಕ್ಕೆ ಬಾರದು. ಲೀಆನ್ ಬರ್ಚ್ ಮತ್ತು ಸಹಸಂಶೋಧಕರ 2006ರ ಅಧ್ಯಯನದಲ್ಲಿ ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ಸೂಪ್ ಬಡಿಸಿದರು. "ಮುಗಿಸು, ಮುಗಿಸು" ಎಂದು ಒತ್ತಾಯಿಸಿದಾಗ ಮಕ್ಕಳು ಕಡಿಮೆ ತಿಂದರು, ಹೆಚ್ಚು ಗೊಣಗಿದರು. ಸುಮ್ಮನೆ ಬಿಟ್ಟಾಗ ಹೆಚ್ಚು ತಿಂದರು. "ಪಲ್ಯ ತಿಂದರೆ ಚಾಕೊಲೇಟ್ ಕೊಡ್ತೀನಿ" ಎನ್ನುವ ಆಮಿಷವೂ ಹೀಗೆಯೇ ತಿರುಗುಬಾಣ. ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂಬ ಪಾಠ ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಮೊಬೈಲ್ ತೋರಿಸಿ ತುತ್ತಿಟ್ಟರೆ ಹೊಟ್ಟೆ ತುಂಬೀತು, ಆದರೆ ತಾನು ತಿಂದದ್ದೇನೆಂದು ನಾಲಿಗೆಗೆ ತಿಳಿಯುವುದೇ ಇಲ್ಲ.

ಹಾಗಾದರೆ ಏನು ಮಾಡೋಣ? ನಮ್ಮ ಅಡುಗೆಯ ಸಿರಿಯನ್ನೇ ನೋಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕ ಹಸಿ ಸೌತೆ, ಗಜ್ಜರಿ, ಮೆಂತ್ಯೆ ಸೊಪ್ಪು ಇರುತ್ತವೆ. ಹಳೆ ಮೈಸೂರಿನ ಕಡೆ ಬಸ್ಸಾರು, ಮಸ್ಸೊಪ್ಪು. ಮಲೆನಾಡಿನಲ್ಲಿ ಬಗೆಬಗೆಯ ಸೊಪ್ಪಿನ ತಂಬುಳಿ. ಕರಾವಳಿಯಲ್ಲಿ ಬಸಳೆ, ಉಡುಪಿಯ ಮಟ್ಟುಗುಳ್ಳ. ಬೇಯಿಸಿದ ಕ್ಯಾರೆಟ್ ಒಲ್ಲದ ಮಗು ಕೋಸಂಬರಿಯ ಗರಿಗರಿ ತುರಿಯನ್ನು ಇಷ್ಟಪಟ್ಟೀತು. ಪಲ್ಯದ ಬೀಟ್ರೂಟ್ ದೂರ ತಳ್ಳಿದವಳು ಮೊಸರಲ್ಲಿ ಕಲಸಿದ ಕೆಂಪು ಪಚಡಿಗೆ ಕೈ ಚಾಚಿಯಾಳು. ರುಬ್ಬಿ ದೋಸೆಯಲ್ಲಿ ಸೇರಿಸಿದರೂ ತಪ್ಪಿಲ್ಲ, ಆದರೆ ಅದೇ ತರಕಾರಿ ತನ್ನ ರೂಪದಲ್ಲೂ ಮಗುವಿಗೆ ಕಾಣುತ್ತಿರಲಿ.

ಕಾಣುವುದರ ಜೊತೆಗೆ ಮುಟ್ಟಲಿ. ಚಳಿಗಾಲದ ಅವರೆಕಾಯಿ ಸುಲಿಯಲು, ಸೊಪ್ಪು ಬಿಡಿಸಲು, ಸಂತೆಯಲ್ಲಿ ಟೊಮೆಟೊ ಆರಿಸಲು ಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳಿ. ಒಂದು ಕುಂಡದಲ್ಲಿ ಮೆಂತ್ಯೆ ಬಿತ್ತಿದರೆ ಕೆಲವೇ ದಿನಗಳಲ್ಲಿ ಮೊಳಕೆ ಕಾಣುತ್ತದೆ. ತಾನೇ ನೀರೆರೆದು ಬೆಳೆಸಿದ್ದರ ರುಚಿ ನೋಡುವ ಕುತೂಹಲ ಯಾವ ಮಗುವಿಗಿಲ್ಲ?

ಶಾಲೆಯ ಪಂಕ್ತಿಯ ಬಲವೂ ದೊಡ್ಡದು. ಬಿಸಿಯೂಟದ ನಿಯಮದಂತೆ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದ ಮಗುವಿಗೆ 75 ಗ್ರಾಂ ತರಕಾರಿ ಸಿಗಬೇಕು. ಮನೆಯಲ್ಲಿ ಮೂಗು ಮುರಿದದ್ದನ್ನೇ ಗೆಳೆಯರ ಸಾಲಿನಲ್ಲಿ ಕೂತು ಸವಿಯುವುದುಂಟು. ಆದರೆ ಎರಡರಿಂದ ಐದು ವರ್ಷದ ಮಕ್ಕಳಿಗೆ ತರಕಾರಿ, ಹಣ್ಣು ಸೇರಿ ದಿನಕ್ಕೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತರವರಿಗೆ 350 ಗ್ರಾಂ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದದ್ದನ್ನು ತುಂಬಬೇಕಾದವರು ಮನೆಯವರೇ.

ಮನೆಯಲ್ಲಿ ಮಗು ಮೊದಲು ನೋಡುವುದು ಹಿರಿಯರ ತಟ್ಟೆಯನ್ನು. ಅಪ್ಪನೇ ಹಾಗಲಕಾಯಿಯನ್ನು ಬದಿಗೊತ್ತಿದರೆ ಮಗುವಿಗೆ ಹೇಳುವ ನೂರು ಬುದ್ಧಿಮಾತೂ ವ್ಯರ್ಥ. ಏನು ಬಡಿಸಬೇಕೆಂಬುದು ನಮ್ಮ ಹೊಣೆ, ಎಷ್ಟು ತಿನ್ನಬೇಕೆಂಬುದು ಮಗುವಿನ ಹಸಿವಿಗೆ ಬಿಟ್ಟದ್ದು. ಇವತ್ತು ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಮಗುವಿನ ತಟ್ಟೆಗೂ ಒಂದೇ ಒಂದು ಚಮಚ ಪಲ್ಯ ಬಡಿಸಿ, ನೀವು ಅದನ್ನೇ ಖುಷಿಯಾಗಿ ತಿನ್ನಿ. ಮಗು ಬಿಟ್ಟರೆ ಬೈಯಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ಬಡಿಸಿ.