ಪರದೇಶಕ್ಕೆ ಹೋಗುವ ಮುನ್ನ: ಯಾವ ಲಸಿಕೆಗೆ ಹಣ, ಯಾವುದಕ್ಕೆ ಬೇಡ?

(ದುರ್ಗದಬೈಲಿನಲ್ಲಿ ನಡೆದ ಸಂಸ್ಥೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಡಾಕ್ಟರ್ ಅಲ್ಲ. ಮಕ್ಕಳಿಗೆ ಉರ್ದು ಮತ್ತು ಕನ್ನಡ ಕಲಿಸುವ ಮಾಸ್ತರ. ಆದರೆ ನಮ್ಮ ಓಣಿಯಲ್ಲಿ ಇಂಗ್ಲಿಷ್ ಕಾಗದ ಯಾರ ಮನೆಗೆ ಬಂದರೂ ಅದನ್ನು ಓದಿ ಹೇಳುವ ಕೆಲಸ ಮಾಸ್ತರನ ಪಾಲಿಗೆ ಬರುತ್ತದೆ. ಹಾಗೆ ಒಮ್ಮೆ ಬಟ್ಟೆ ಹೊಲಿಯುವ ಒಬ್ಬ ಚಾಚಾ ಒಂದು ಚೀಟಿ ತಂದರು. ಮನೆಯ ನಾಲ್ಕು ಜನ ಉಮ್ರಾಕ್ಕೆ ಹೊರಟಿದ್ದರು. ಚೀಟಿಯಲ್ಲಿ ಆರು ಲಸಿಕೆಗಳ ಹೆಸರು. ನಾಲ್ಕು ಜನರಿಗೆ ಲೆಕ್ಕ ಹಾಕಿದರೆ ಅಂಗಡಿಯ ಎಷ್ಟೋ ತಿಂಗಳ ಉಳಿತಾಯ ಹೋಗುವಂತಿತ್ತು. ಎಲ್ಲಕ್ಕಿಂತ ದುಬಾರಿಯಾದದ್ದನ್ನು ಅವರು ಆಗಲೇ ಪೆನ್ಸಿಲಿನಿಂದ ಹೊಡೆದುಹಾಕಿದ್ದರು. ಅದು ಮೆನಿಂಜೈಟಿಸ್ ಲಸಿಕೆ, ಅಂದರೆ ಮೆದುಳಿನ ಪೊರೆಗೆ ಬರುವ ಉರಿಯೂತಕ್ಕೆ ಹಾಕುವ ಸೂಜಿ. "ಏಜೆಂಟರು ಕಾರ್ಡ್ ಮಾಡಿಸಿ ಕೊಡುತ್ತಾರಂತೆ, ಸೂಜಿ ಬೇಡವಂತೆ ಮಾಸ್ತರ್ರೆ" ಎಂದರು. ನಾವಿಬ್ಬರೂ ಕೂತು ಆ ಚೀಟಿಯನ್ನು ತಲೆಕೆಳಗು ಮಾಡಿದೆವು. ಹೊಡೆದುಹಾಕಿದ್ದು ಉಳಿಯಿತು, ಉಳಿದವುಗಳಲ್ಲಿ ಹೆಚ್ಚಿನವು ಹೋದವು. ಯಾಕೆ ಹಾಗೆ ಎನ್ನುವುದೇ ಇವತ್ತಿನ ನನ್ನ ಮಾತು.

ಪ್ರವಾಸಿಗರಿಗೆಂದು ಅಚ್ಚಾಗುವ ಲಸಿಕೆಯ ಪಟ್ಟಿಗಳು ಬಹುಮಟ್ಟಿಗೆ ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಹೊರಡುವವರಿಗಾಗಿ ಬರೆದವು. ಅವರು ಯಾವ ದೇಶಕ್ಕೆ ಬರುವಾಗ ಟೈಫಾಯಿಡ್, ಹೆಪಟೈಟಿಸ್ ಎ, ರೇಬೀಸ್ ಎಂದು ಹೆದರುತ್ತಾರೋ ಆ ದೇಶದಲ್ಲಿ ನಾವು ಹುಟ್ಟಿನಿಂದ ಇದ್ದೇವೆ. ಹುಬ್ಬಳ್ಳಿಯಲ್ಲಿ ಕುಡಿಯುವ ನೀರಿಗಿಂತ ದುಬೈಯಲ್ಲಿ ಕುಡಿಯುವ ನೀರಿಗೆ ಹೆಚ್ಚು ಅಂಜಬೇಕೇ? ಹಳೇ ಹುಬ್ಬಳ್ಳಿಯ ಬೀದಿನಾಯಿಗಿಂತ ಜಿದ್ದಾದ ನಾಯಿ ಹೆಚ್ಚು ಅಪಾಯವೇ? ಆದ್ದರಿಂದ ಚೀಟಿ ಕೈಗೆ ಬಂದಾಗ ಪ್ರತಿಯೊಂದು ಹೆಸರಿನ ಮುಂದೆ ಎರಡು ಪ್ರಶ್ನೆ ಬರೆದುಕೊಳ್ಳಿ. ಆ ದೇಶದ ಸರ್ಕಾರ ಇದನ್ನು ಕಡ್ಡಾಯವಾಗಿ ಕೇಳುತ್ತದೆಯೇ? ಈ ರೋಗ ನನ್ನ ಊರಿಗಿಂತ ಅಲ್ಲಿ ಹೆಚ್ಚೇ? ಎರಡಕ್ಕೂ "ಇಲ್ಲ" ಎಂದಾದರೆ ಆ ಹಣವನ್ನು ಪ್ರಯಾಣದ ನೆಪದಲ್ಲಿ ಖರ್ಚು ಮಾಡುವ ಅವಸರವಿಲ್ಲ.

ಮೆನಿಂಜೈಟಿಸ್‌ಗೆ ಎರಡೂ ಪ್ರಶ್ನೆಗೆ "ಹೌದು" ಎಂಬುದೇ ಉತ್ತರ. ಇದರ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. 1987ರ ಹಜ್‌ನಲ್ಲಿ ಈ ರೋಗದ ಎ ಗುಂಪಿನ ರೋಗಾಣು ಹಬ್ಬಿ ಯಾತ್ರಿಕರ ಜೊತೆ ಬೇರೆ ಬೇರೆ ದೇಶಗಳಿಗೆ ಹೋಯಿತು. ಅಲ್ಲಿಂದ ಮುಂದೆ ಸೌದಿ ಸರ್ಕಾರ ಲಸಿಕೆ ಕಡ್ಡಾಯ ಮಾಡಿತು. ಆಗಿನ ಲಸಿಕೆ ಎ ಮತ್ತು ಸಿ ಎಂಬ ಎರಡು ಗುಂಪಿಗೆ ಮಾತ್ರ. 2000 ಮತ್ತು 2001ರಲ್ಲಿ ಡಬ್ಲ್ಯು135 ಎಂಬ ಬೇರೊಂದು ಗುಂಪು ಕಾಣಿಸಿಕೊಂಡಿತು. ಆಗ ರೋಗ ಬಂದವರೆಲ್ಲ ಯಾತ್ರೆಗೆ ಹೋದವರಲ್ಲ. ಮನೆಯಲ್ಲೇ ಇದ್ದು, ಮರಳಿ ಬಂದ ಹಾಜಿಗಳನ್ನು ಅಪ್ಪಿಕೊಂಡು ಜಮ್‌ಜಮ್ ಮತ್ತು ಖರ್ಜೂರ ತೆಗೆದುಕೊಂಡವರೂ ಅವರಲ್ಲಿದ್ದರು. ರೋಗಾಣು ಗಂಟಲಿನಲ್ಲಿ ಕೂತು ಬರುತ್ತದೆ. ಹೊತ್ತು ತಂದವನಿಗೆ ಗೊತ್ತೇ ಆಗುವುದಿಲ್ಲ. 2002ರಿಂದ ಎ, ಸಿ, ವೈ, ಡಬ್ಲ್ಯು ಎಂಬ ನಾಲ್ಕೂ ಗುಂಪಿಗೆ ಸೇರಿದ ಲಸಿಕೆ ಕಡ್ಡಾಯವಾಯಿತು. ಇದೆಲ್ಲ ಹಳೆಯ ಮಾತು ಎನ್ನಬೇಡಿ. 2024ರಲ್ಲಿ ಉಮ್ರಾ ಪ್ರಯಾಣಕ್ಕೆ ಸಂಬಂಧಪಟ್ಟ 12 ರೋಗಿಗಳು ಅಮೆರಿಕ, ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ಪತ್ತೆಯಾದರು. ಅವರಲ್ಲಿ ಲಸಿಕೆಯ ವಿಚಾರ ತಿಳಿದುಬಂದದ್ದು 9 ಜನರದು. ಒಂಬತ್ತರಲ್ಲಿ ಒಬ್ಬರೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರನ್ನು ಕೊಲ್ಲುವ ರೋಗ ಇದು. ಬದುಕಿದವರಲ್ಲಿ ಕೆಲವರು ಕಿವಿಯನ್ನೋ ಕೈಕಾಲನ್ನೋ ಕಳೆದುಕೊಳ್ಳುತ್ತಾರೆ.

ಈ ಲಸಿಕೆಯಲ್ಲಿ ಎರಡು ಜಾತಿ. ಪಾಲಿಸ್ಯಾಕರೈಡ್ ಎಂಬುದು ಹಳೆಯದು, ಅಗ್ಗ. ಸೌದಿ ನಿಯಮದಂತೆ 3 ವರ್ಷ ನಡೆಯುತ್ತದೆ. ಕಾಂಜುಗೇಟ್ ಎಂಬುದು ನಾಲ್ಕಂಕಿಯ ಬೆಲೆಯದು. 5 ವರ್ಷ ನಡೆಯುತ್ತದೆ. ಗಂಟಲಿನಲ್ಲಿ ರೋಗಾಣು ಹೊತ್ತು ತರುವುದನ್ನು ಕಡಿಮೆ ಮಾಡುವ ಗುಣವೂ ಎರಡನೆಯದರಲ್ಲಿದೆ. ಮನೆಯಲ್ಲಿ ಹಸುಗೂಸು ಇದ್ದವರು ಎರಡನೆಯದಕ್ಕೇ ಹಣ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಕಾರ್ಡಿನಲ್ಲಿ ಯಾವ ಜಾತಿ ಎಂದು ಬರೆಸಿಕೊಳ್ಳುವುದನ್ನು ಮರೆಯಬೇಡಿ, ಬರೆಯದಿದ್ದರೆ ಮೂರೇ ವರ್ಷ ಎಂದು ಹಿಡಿಯುತ್ತಾರೆ. ಸೂಜಿ ಹಾಕಿಸಿ 10 ದಿನವಾದರೂ ಆದ ಮೇಲೆ ಸೌದಿ ನೆಲಕ್ಕೆ ಕಾಲಿಡಬೇಕು. ಹಜ್ ಸಮಿತಿಯ ಮೂಲಕ ಹೋಗುವವರಿಗೆ ಶಿಬಿರದಲ್ಲಿ ಈ ಲಸಿಕೆಯನ್ನೂ ಪೋಲಿಯೊ ಹನಿಯನ್ನೂ ಖರ್ಚಿಲ್ಲದೆ ಹಾಕುವ ಪದ್ಧತಿ ಇದೆ. ಅಂಥವರು ಹೊರಗೆ ಕೊಳ್ಳುವ ಮೊದಲು ಶಿಬಿರದ ದಿನಾಂಕ ವಿಚಾರಿಸಲಿ. ಉಮ್ರಾದವರಿಗೆ ಮಾತ್ರ ಕೈಯಿಂದಲೇ ಖರ್ಚು. ಇನ್ನು ಸೂಜಿ ಇಲ್ಲದೆ ಕಾರ್ಡ್ ಮಾಡಿಸುವ ಮಾತು: ಇಬಾದತ್ತಿಗೆಂದು ಹೊರಟವರು ಸುಳ್ಳು ಕಾಗದ ಕಿಸೆಯಲ್ಲಿಟ್ಟುಕೊಂಡು ಹೋಗುವುದೆಂದರೇನು? ಅದು ವಿಮಾನ ನಿಲ್ದಾಣದ ಅಧಿಕಾರಿಯನ್ನು ದಾಟಿಸೀತು, ರೋಗವನ್ನು ದಾಟಿಸದು.

ಪೋಲಿಯೊ ಹನಿಯ ಬಗ್ಗೆ ಹಲವರು ಕೇಳುತ್ತಾರೆ: ನಮ್ಮಲ್ಲಿ ಪೋಲಿಯೊ ಹೋಯಿತಲ್ಲ, ಮತ್ತೆ ಯಾಕೆ? ನಿಜ, ದೇಶದ ಕೊನೆಯ ಪ್ರಕರಣ 2011ರ ಜನವರಿಯದು, 2014ರಲ್ಲಿ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಯಾತ್ರೆಯಲ್ಲಿ ರೋಗ ಇನ್ನೂ ಉಳಿದಿರುವ ದೇಶಗಳವರೂ ಸೇರುತ್ತಾರೆ. ಎರಡು ಹನಿ, ಖರ್ಚಿಲ್ಲ, ವಾದ ಬೇಡ.

ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇದ್ದವರಿಗೆ ಫ್ಲೂ ಲಸಿಕೆ ಹಣಕ್ಕೆ ತಕ್ಕದ್ದೇ. ಮಿನಾದ ಡೇರೆಯಲ್ಲಿ ಕೆಮ್ಮದೆ ಬಂದ ಹಾಜಿಯನ್ನು ನಾನಂತೂ ಕಂಡಿಲ್ಲ. ಗಟ್ಟಿಮುಟ್ಟಾದ ತರುಣರು ಕೈ ಬಿಗಿಯಾಗಿದ್ದರೆ ಇದನ್ನು ಬಿಡಬಹುದು. ಧನುರ್ವಾಯುವಿನ ಸೂಜಿ ಹತ್ತು ವರ್ಷದಿಂದ ಆಗಿಲ್ಲವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳಿ. ಒಂದು ಮಾತು ನೆನಪಿರಲಿ, 2024ರ ಹಜ್‌ನಲ್ಲಿ 1,301 ಜನ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಆ ವರ್ಷದ ಬಿಸಿಲು ಅಂಥದ್ದು. ಬಿಸಿಲಿಗೆ ಲಸಿಕೆ ಇಲ್ಲ. ಟೈಫಾಯಿಡ್ ಸೂಜಿಯಲ್ಲಿ ಉಳಿದ ಹಣಕ್ಕೆ ಛತ್ರಿ ಮತ್ತು ಓಆರ್‌ಎಸ್ ಪೊಟ್ಟಣ ಕೊಳ್ಳಿ.

ಟೈಫಾಯಿಡ್ ಲಸಿಕೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಬೇಕಾದರೆ ಹುಬ್ಬಳ್ಳಿಗೇ ಬೇಕು, ಪ್ರಯಾಣಕ್ಕಲ್ಲ. ಹೆಪಟೈಟಿಸ್ ಎ ನಮ್ಮಲ್ಲಿ ಹೆಚ್ಚಿನ ಹಿರಿಯರಿಗೆ ಬಾಲ್ಯದಲ್ಲೇ ಗೊತ್ತಾಗದಂತೆ ಬಂದು ಹೋಗಿರುತ್ತದೆ. ಆದರೆ ದುಬೈಯಲ್ಲೋ ರಿಯಾದ್‌ನಲ್ಲೋ ಹುಟ್ಟಿ ಬೆಳೆದ ಮೊಮ್ಮಕ್ಕಳು ಬೇಸಿಗೆ ರಜೆಗೆ ಇಲ್ಲಿಗೆ ಬರುತ್ತಾರಲ್ಲ, ಅವರಿಗೆ ಮಾತ್ರ ಈ ಎರಡೂ ನಿಜಕ್ಕೂ ಬೇಕು. ಸಂಜೆ ಇದೇ ದುರ್ಗದಬೈಲಿನ ಗಾಡಿಯ ಮುಂದೆ ಪಾನಿಪುರಿ ತಿಂದು ನಮ್ಮ ಹುಡುಗರು ಆರಾಮ ಇರುತ್ತಾರೆ, ಅದೇ ತಟ್ಟೆಯಲ್ಲಿ ತಿಂದ ಆ ಕೂಸುಗಳು ವಾರದೊಳಗೆ ಮಲಗುತ್ತವೆ. ಮಗಳಿಗೆ ಫೋನ್ ಮಾಡಿದಾಗ ಟಿಕೆಟಿನ ಜೊತೆಗೆ ಇದನ್ನೂ ಕೇಳಿ.

ಈಗ ವಿದ್ಯಾರ್ಥಿಗಳಿಗೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಎಂಎಂಆರ್ ಲಸಿಕೆಯ ಎರಡು ಡೋಸು ಕೇಳುತ್ತವೆ. ಎರಡರ ನಡುವೆ 28 ದಿನ ಇರಬೇಕು, ಅಂದರೆ ವೀಸಾ ಬಂದ ಮೇಲೆ ಓಡಾಡಿದರೆ ಸಮಯ ಸಾಲದು. ನಿಮ್ಮಲ್ಲಿ ಹಲವರಿಗೆ 2017ರ ಫೆಬ್ರವರಿಯಲ್ಲಿ ಶಾಲೆಯಲ್ಲೇ ಸೂಜಿ ಹಾಕಿದ್ದು ನೆನಪಿರಬಹುದು. ಆಗ ವಾಟ್ಸಾಪ್ ಸುದ್ದಿ ನೋಡಿ ಅಂದು ಶಾಲೆಗೇ ಕಳಿಸದ ತಂದೆತಾಯಿಯರೂ ಇದ್ದರು. ಅದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾಕ್ಕೆ ಮಾತ್ರ. ಎಂಎಂಆರ್‌ನಲ್ಲಿ ಮಂಗಬಾವು ಸಹ ಸೇರಿದೆ. ಆದ್ದರಿಂದ ಆ ಕಾರ್ಡೊಂದನ್ನೇ ಹಿಡಿದು ಹೋದರೆ ಅಲ್ಲಿ ಒಪ್ಪದಿರಬಹುದು, ಮತ್ತೆ ಡಾಲರಿನಲ್ಲಿ ಹಾಕಿಸಬೇಕಾಗುತ್ತದೆ. ವಿಶ್ವವಿದ್ಯಾಲಯದ ಫಾರಂ ತರಿಸಿ, ಅದರಲ್ಲಿ ಕೇಳಿದ್ದನ್ನು ಮಾತ್ರ ಇಲ್ಲೇ ಹಾಕಿಸಿ. ವೈದ್ಯಕೀಯ ಓದಲು ಹೋಗುವವರಿಗೆ ಹೆಪಟೈಟಿಸ್ ಬಿ ಬಿಡುವಂತಿಲ್ಲ. ರಕ್ತದ ಜೊತೆ ಕೆಲಸ. ಮೂರು ಡೋಸಿಗೆ ಆರು ತಿಂಗಳು ಬೇಕು, ಬೆಲೆಯೂ ಹೆಚ್ಚಿಲ್ಲ.

ಆಫ್ರಿಕಾದ ನೈಜೀರಿಯಾ, ಉಗಾಂಡಾ, ಕೀನ್ಯಾ ಕಡೆ ಕೆಲಸಕ್ಕೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ. ಇದನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಬೇರೆ ಕಡೆಯ ಚೀಟಿ ನಡೆಯದು. ಹತ್ತು ದಿನದ ನಂತರ ಪ್ರಮಾಣಪತ್ರಕ್ಕೆ ಜೀವ ಬರುತ್ತದೆ. 2016ರ ಜುಲೈನಿಂದ ಅದು ಜೀವಮಾನವಿಡೀ ನಡೆಯುತ್ತದೆ. ಇದಿಲ್ಲದೆ ಆ ದೇಶಗಳಿಂದ ಮರಳಿದರೆ ನಮ್ಮ ದೇಶದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಬೇರೆ ಇರಿಸುತ್ತಾರೆ. ಕೊಲ್ಲಿ ದೇಶಕ್ಕೆ ಹೋಗುವ ನಮ್ಮವರಿಗೆ ಇದರ ಗೊಡವೆ ಇಲ್ಲ. ಯಾರಾದರೂ ಚೀಟಿಯಲ್ಲಿ ಬರೆದಿದ್ದರೆ ಯಾಕೆಂದು ಕೇಳಿ.

ಲಸಿಕೆಯಲ್ಲಿ ಹರಾಮು ಪದಾರ್ಥ ಇದೆಯೇ ಎಂದು ಹೆಂಗಸರ ಕಡೆಯಿಂದ ಒಂದು ಚೀಟಿ ಬಂದಿದೆ. ಒಳ್ಳೆಯ ಪ್ರಶ್ನೆ. ಇಂಡೋನೇಷ್ಯಾದ ಉಲಮಾ ಮಂಡಳಿ ಇದನ್ನೇ ವಿಚಾರಿಸಿ 2010ರಲ್ಲಿ ಮೆನಿಂಜೈಟಿಸ್ ಲಸಿಕೆಗಳಲ್ಲಿ ಎರಡು ಕಂಪನಿಯದನ್ನು ಹಲಾಲ್ ಎಂದು ತೀರ್ಮಾನಿಸಿತು, ಒಂದನ್ನು ಒಪ್ಪಲಿಲ್ಲ. ಅಂದರೆ ಸಂಶಯ ಬಂದಾಗ ಲಸಿಕೆಯನ್ನೇ ಬಿಡುವ ಬದಲು ಯಾವ ಕಂಪನಿಯದು ಎಂದು ಕೇಳುವ ದಾರಿ ಇದೆ. ನಮ್ಮ ಊರಿಗೂ ಇದು ಹೊಸದಲ್ಲ. 1897ರಲ್ಲಿ ಪ್ಲೇಗಿನ ಕಾರಣಕ್ಕೆ ಮುಂಬಯಿಯಿಂದ ಹಜ್ ಹಡಗುಗಳನ್ನೇ ಸರ್ಕಾರ ತಡೆದಿತ್ತು. ಮರುವರ್ಷ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿದ ಲಸಿಕೆಯನ್ನು ಕೆಲವೇ ತಿಂಗಳಲ್ಲಿ ಈ ಊರಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಅವರೂ ನಮ್ಮ ಹಾಗೆಯೇ ಹೆದರಿದವರು, ವಿಚಾರಿಸಿದವರು.

ಕೊನೆಗೆ ಕೆಲಸದ ಮಾತು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮೊದಲೇ, ಅಂದರೆ ಎರಡು ತಿಂಗಳ ಮುಂಚೆ, ಆ ವರ್ಷದ್ದನ್ನು ನೋಡಿ. ಗರ್ಭಿಣಿಯರು ಮತ್ತು ದೊಡ್ಡ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಯಾವುದನ್ನೂ ಹಾಕಿಸಬೇಡಿ. ಕಾರ್ಡಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ಒಂದು ಝೆರಾಕ್ಸ್ ಮನೆಯಲ್ಲಿರಲಿ. ಚೀಟಿ ತಂದವರು ಇಲ್ಲೇ ಕೂತಿರಿ, ಸಭೆ ಮುಗಿದ ಮೇಲೆ ಒಂದೊಂದಾಗಿ ನೋಡೋಣ. ವಸ್ಸಲಾಮ್.